ವೇಸೈಡ್ ಇನ್: ಕಾಳಾ ಘೋಡಾದ ಕವಿಕಟ್ಟೆ

ಊರ ಅರಳಿಕಟ್ಟೆ, ಚಾವಡಿ, ಗರಡಿಮನೆಗಳನ್ನು ಮೌಖಿಕ ಪರಂಪರೆಯ ನೆಲೆಗಳೆಂದು ಗುರುತಿಸಿರುವ ಜಾನಪದ ಸಂಶೋಧನೆಯು ನಗರದ ಹೋಟೆಲು, ಪಾನಗೃಹಗಳ ಮೇಜುಗಳತ್ತ ಅಷ್ಟಾಗಿ ಗಮನ ಹರಿಸಿಲ್ಲ. ಸಾಹಿತ್ಯ ಚರಿತ್ರೆಯಾದರೂ ಅಚ್ಚಾದ ಕೃತಿಯಿಂದಲೇ ಆರಂಭವಾಗುತ್ತದೆ. ಅಚ್ಚಿಗೆ ಮುನ್ನ ನಡೆದ ಮಾತು ಅದರ ಲೆಕ್ಕಕ್ಕೆ ಬರುವುದಿಲ್ಲ. ಈ ಎರಡು ಶಿಸ್ತುಗಳ ನಡುವೆ ಜಾರಿಹೋದ ಸ್ಥಳಗಳಲ್ಲಿ ಮುಂಬಯಿಯ ವೇಸೈಡ್ ಇನ್ ಒಂದು.

ಈ ಲೇಖಕನು ಆ ಹೋಟೆಲಿನ ವಿಷಯಕ್ಕೆ ಬಂದದ್ದು ಮೈಲಾರಲಿಂಗನ ದಾರಿಯಿಂದ. ಕನ್ನಡ ನಾಡಿನ ಮೈಲಾರನೇ ಮಹಾರಾಷ್ಟ್ರದ ಖಂಡೋಬ. ಜೇಜುರಿ ಅವನ ಪ್ರಧಾನ ಕ್ಷೇತ್ರ. ಅಲ್ಲಿನ ವಾಘ್ಯಾಗಳು ನಮ್ಮ ಗೊರವರಿಗೆ ಸಮೀಪದವರು. ಈ ಸಂಬಂಧವನ್ನು ಹುಡುಕಿ ಹೊರಟವರಿಗೆ ಅರುಣ್ ಕೊಲಟ್ಕರ್ ಅವರ 'ಜೇಜುರಿ' ಎದುರಾಗದೆ ಇರದು. ಕ್ಷೇತ್ರವನ್ನು ಭಕ್ತನಂತೆಯೂ ನೋಡದೆ, ತಿರಸ್ಕಾರದಿಂದಲೂ ನೋಡದೆ ಬರೆದ ಆ ಇಂಗ್ಲಿಷ್ ಕವಿತೆಗಳನ್ನು ೧೯೭೬ರಲ್ಲಿ ಪುಸ್ತಕವಾಗಿ ಹೊರತಂದದ್ದು ಕ್ಲಿಯರಿಂಗ್ ಹೌಸ್. ಕೊಲಟ್ಕರ್, ಆದಿಲ್ ಜಸ್ಸಾವಾಲಾ, ಅರವಿಂದ ಕೃಷ್ಣ ಮೆಹ್ರೋತ್ರಾ, ಗೀವ್ ಪಟೇಲ್ ಎಂಬ ನಾಲ್ವರು ಕವಿಗಳು ಕೂಡಿ ಕಟ್ಟಿಕೊಂಡ ಪ್ರಕಾಶನವದು. ಕವಿಗಳೇ ಪ್ರಕಾಶಕರಾಗಬೇಕಾಗಿದ್ದ ಅಂಥ ಕಾಲದಲ್ಲಿ ಕೂತು ಮಾತನಾಡಲು ಒಂದು ಮೇಜು ಎಷ್ಟು ಮುಖ್ಯವಾಗಿತ್ತೆಂಬುದನ್ನು ಊಹಿಸಬಹುದು.

ವೇಸೈಡ್ ಇನ್ ಇದ್ದದ್ದು ದಕ್ಷಿಣ ಮುಂಬಯಿಯ ಕಾಳಾ ಘೋಡಾದಲ್ಲಿ. ಜಹಾಂಗೀರ್ ಕಲಾ ಗ್ಯಾಲರಿ, ಡೇವಿಡ್ ಸಸ್ಸೂನ್ ಗ್ರಂಥಾಲಯಗಳು ಅದರ ನೆರೆಹೊರೆ. ಗುರುವಾರದ ಮಧ್ಯಾಹ್ನಗಳಲ್ಲಿ ಕೊಲಟ್ಕರ್ ಅಲ್ಲಿ ಸಿಗುತ್ತಿದ್ದರು. ಮನೆಗೆ ದೂರವಾಣಿ ಹಾಕಿಸಿಕೊಳ್ಳದ ಈ ಕವಿಯನ್ನು ಕಾಣಬೇಕಾದವರಿಗೆ ಆ ಮೇಜೇ ವಿಳಾಸವಾಗಿತ್ತು. ಸಂತೆಯ ದಿನ ಇಂಥ ಮರದ ಕೆಳಗೆ ಇಂಥವರು ಸಿಗುತ್ತಾರೆಂದು ಹಳ್ಳಿಗರು ತಿಳಿದಿರುವಂತೆಯೇ ಇದು.

ಈ ಹೋಟೆಲಿಗೆ ಅಂಟಿಕೊಂಡಿರುವ ಐತಿಹ್ಯವೊಂದಿದೆ. ಡಾ. ಬಿ. ಆರ್. ಅಂಬೇಡ್ಕರ್ ಅವರು ಸಂವಿಧಾನದ ಕೆಲವು ಭಾಗಗಳನ್ನು ಇಲ್ಲಿಯೇ ಕುಳಿತು ಬರೆದರೆಂದು ಮುಂಬಯಿಯಲ್ಲಿ ಹೇಳುತ್ತಾರೆ. ಕರಡು ಸಮಿತಿ ರಚನೆಯಾದದ್ದು ೧೯೪೭ರ ಆಗಸ್ಟ್ ೨೯ರಂದು. ಆಗ ಅಂಬೇಡ್ಕರ್ ಕೇಂದ್ರದ ಕಾನೂನು ಮಂತ್ರಿ, ಸಮಿತಿಯ ಕಾರ್ಯಕ್ಷೇತ್ರ ದೆಹಲಿ. ಆದುದರಿಂದ ಈ ಕಥನವನ್ನು ಅಕ್ಷರಶಃ ಸ್ವೀಕರಿಸುವುದು ಕಷ್ಟ. ಹಾಗೆಂದು ತಳ್ಳಿಹಾಕುವುದೂ ಜಾನಪದ ವಿದ್ವಾಂಸನ ಕೆಲಸವಲ್ಲ. ಅಂಬೇಡ್ಕರ್ ವಕೀಲಿ ಮಾಡಿದ ಮುಂಬಯಿ ಹೈಕೋರ್ಟು ಕಾಳಾ ಘೋಡಾದಿಂದ ನಡೆದುಹೋಗುವಷ್ಟು ಹತ್ತಿರ. ೧೯೩೫ರಲ್ಲಿ ಅವರು ಪ್ರಾಂಶುಪಾಲರಾದ ಸರ್ಕಾರಿ ಕಾನೂನು ಕಾಲೇಜೂ ದೂರವಲ್ಲ. ನಿಜವಾದ ನೆರೆತನವೊಂದು ಮಹಾಗ್ರಂಥದ ಜೊತೆ ಬೆಸೆದುಕೊಂಡು ಐತಿಹ್ಯವಾಗಿ ಬೆಳೆದಿರಬೇಕು. ಪಾಂಡವರು ಅಡುಗೆ ಮಾಡಿದ ಬಂಡೆಗಳು ನಮ್ಮ ಊರೂರಿನಲ್ಲಿರುವುದೂ ಹೀಗೆಯೇ.

೨೦೦೪ರಲ್ಲಿ ಪ್ರಕಟವಾದ 'ಕಾಳಾ ಘೋಡಾ ಪೋಯಮ್ಸ್' ಈ ಹೋಟೆಲಿನ ದಾಖಲೆಯೆಂದು ಹಲವರು ತಿಳಿಯುತ್ತಾರೆ. ಓದಿದರೆ ಬೇರೆಯೇ ಸಂಗತಿ ಕಾಣುತ್ತದೆ. ಅಲ್ಲಿರುವುದು ಹೊರಗಿನ ಬೀದಿ: ರಸ್ತೆ ನಡುವಿನ ಕಟ್ಟೆಯ ಮೇಲೆ ಮಲಗಿದ ಬೀದಿನಾಯಿ, ಕಸ ಬಳಿಯುವ ಹೆಂಗಸರು, ಪಾದಚಾರಿ ಹಾಸಿನ ನಿರ್ಗತಿಕರಿಗೆ ಬೆಳಗ್ಗೆ ಇಡ್ಲಿ ಬಡಿಸುವ ಅನ್ನಪೂರ್ಣೆಯಂಥ ಹೆಣ್ಣುಮಗಳು. ಮೇಜು ನೋಟದ ನೆಲೆಯೇ ಹೊರತು ನೋಟದ ವಸ್ತುವಲ್ಲ. ನನ್ನ ದೃಷ್ಟಿಯಲ್ಲಿ ಇದು ಕೃತಿಯ ಹಿರಿಮೆ. ಚರಿತ್ರೆಕಾರನಿಗೆ ಮಾತ್ರ ತೊಡಕು. ಮೇಜಿನ ಸುತ್ತ ನಡೆದದ್ದು ಕವಿತೆಗೆ ಬರಲಿಲ್ಲ, ಆದುದರಿಂದ ಅದು ನೆನಪಿನಲ್ಲಷ್ಟೇ ಉಳಿಯಬೇಕಾಯಿತು.

ಸ್ಥಳನಾಮದ ವಿಚಾರವೂ ಇಲ್ಲಿ ಪ್ರಸ್ತುತ. ಕಾಳಾ ಘೋಡಾ ಎಂದರೆ ಕರಿಯ ಕುದುರೆ. ಆಲ್ಬರ್ಟ್ ಅಬ್ದುಲ್ಲಾ ಸಸ್ಸೂನ್ ಅವರು ೧೮೭೯ರಲ್ಲಿ ನಗರಕ್ಕೆ ಕೊಟ್ಟ, ವೇಲ್ಸ್ ರಾಜಕುಮಾರ ಏರಿದ್ದ ಕಂಚಿನ ಕುದುರೆಯಿಂದ ಬಂದ ಹೆಸರು. ಜನ ರಾಜಕುಮಾರನನ್ನು ಬಿಟ್ಟು ಕುದುರೆಯನ್ನಷ್ಟೇ ಹೆಸರಿಗೆ ಇಟ್ಟುಕೊಂಡರು. ೧೯೬೫ರಲ್ಲಿ ಪ್ರತಿಮೆಯನ್ನು ಬೈಕುಲಾದ ಉದ್ಯಾನಕ್ಕೆ ಸಾಗಿಸಿದರೂ ಹೆಸರು ಕದಲಲಿಲ್ಲ. ೨೦೧೭ರಲ್ಲಿ ಅಲ್ಲಿ ಹೊಸ ಕುದುರೆಯೊಂದು ಬಂದಾಗ ಅದರ ಬೆನ್ನ ಮೇಲೆ ಸವಾರನೇ ಇರಲಿಲ್ಲ! ಜನರ ನಾಮಕರಣಕ್ಕೆ ಶಿಲ್ಪವೇ ಒಪ್ಪಿಗೆ ಕೊಟ್ಟಂತಾಯಿತು.

ವೇಸೈಡ್ ಇನ್‌ಗೆ ಅಂಥ ಅದೃಷ್ಟ ಒದಗಲಿಲ್ಲ. ೨೦೦೦ದ ದಶಕದ ಆರಂಭದಲ್ಲಿ ಅದು ಮುಚ್ಚಿ, ಆ ಜಾಗಕ್ಕೆ ದುಬಾರಿ ಹೋಟೆಲೊಂದು ಬಂದಿತು. ಕವಿಮಿತ್ರರ ಕೂಟವು ಹತ್ತಿರದ ಕೆಫೆ ಮಿಲಿಟರಿಗೆ ಸರಿಯಿತು. ೨೦೦೪ರ ಸೆಪ್ಟೆಂಬರ್ ೨೫ರಂದು ಕೊಲಟ್ಕರ್ ತೀರಿಕೊಂಡರು. ಕಲಾವಿದರೂ ಲೇಖಕರೂ ಸೇರುತ್ತಿದ್ದ, ಜಹಾಂಗೀರ್ ಗ್ಯಾಲರಿಯೊಳಗಿನ ಸಮೋವರ್ ೨೦೧೫ರಲ್ಲಿ ಬಾಗಿಲು ಹಾಕಿತು.

ಇವುಗಳ ಕುರಿತ ನೆನಪುಗಳನ್ನು ನಮಗೆ ಕೊಟ್ಟವರು ಹೆಚ್ಚಾಗಿ ಕವಿಗಳು, ಪತ್ರಕರ್ತರು. ತಟ್ಟೆ ತಂದಿಟ್ಟವರು ಈ ಬರಹಗಳ ಅಂಚಿನಲ್ಲಿ ನೆರಳಿನಂತೆ ಹಾದುಹೋಗುತ್ತಾರೆ. ಗೊರವರ ಪದಗಳನ್ನು ಸಂಗ್ರಹಿಸುವಾಗ ಡಮರು ಹಿಡಿದವನನ್ನಷ್ಟೇ ಅಲ್ಲ, ಅವನಿಗೆ ಭಿಕ್ಷೆ ನೀಡುವ ಮನೆಯವರನ್ನೂ ಮಾತನಾಡಿಸುತ್ತೇವೆ. ನಗರದ ಕವಿಕೂಟಗಳಿಗೂ ಆ ಕ್ರಮವೇ ಅನ್ವಯಿಸಬೇಕು. ಒಂದು ಚಹಾಕ್ಕೆ ಎಷ್ಟು ಹೊತ್ತು ಕೂರಲು ಬಿಡುತ್ತಿದ್ದಿರಿ, ಬಿಲ್ಲು ಕೊಡುತ್ತಿದ್ದವರು ಯಾರು, ಯಾವ ಮಾತಿಗೆ ಮೇಜು ಬಡಿಯುತ್ತಿದ್ದರು, ಯಾರು ಬಂದಾಗ ಸುಮ್ಮನಾಗುತ್ತಿದ್ದರು ಎಂದು ಕೇಳಬೇಕಾದದ್ದು ಆ ಪರಿಚಾರಕರನ್ನೇ.