ನಮ್ಮವ್ವನ ಲಿಲ್ಲಿ ಎಲ್ಲಿಂದ ಬಂತು?

ಇತಿಹಾಸ ಅಂದ್ರ ನಮ್ಮ ಕಡೆ ಮಂದಿ ಮೊದಲು ಮಸ್ಕಿ ಕಲ್ಲು ತೋರಸ್ತಾರ. 1915ರಾಗ ಸಿಕ್ಕ ಆ ಶಾಸನದಾಗ ಅಶೋಕನ ಹೆಸರು ಇತ್ತು, ಅದರಿಂದನೇ 'ದೇವಾನಾಂಪ್ರಿಯ' ಅಂದ್ರ ಅಶೋಕ ಅಂತ ಗಟ್ಟಿ ಆತು ಅಂತ ನಾವೆಲ್ಲ ಸಾಲ್ಯಾಗ ಓದೀವಿ. ನನ್ನ ತವರುಮನಿ ಮಸ್ಕಿ ಹತ್ರನೇ. ಆ ಕಲ್ಲು ನೋಡಾಕ ಎಲ್ಲೆಲ್ಲಿಂದಲೋ ಮಂದಿ ಬರತಾರ. ಆದ್ರ ನಮ್ಮವ್ವ ಹಿತ್ತಲದಾಗ ಹಚ್ಚಿದ್ದ ಕೆಂಪು ಲಿಲ್ಲಿಗೂ ಒಂದು ಇತಿಹಾಸ ಐತಿ ಅಂದ್ರ ಯಾರರ ನಂಬತಾರೇನು?

ಮೊನ್ನೆ ನಮ್ಮ ತಂಗಿ ಮಗಳು ಬಂದಾಕಿ, "ದೊಡ್ಡವ್ವ, ಈ ಲಿಲ್ಲಿ ಬಣ್ಣ ಭಾಳ ಚಂದ ಐತಿ, ಒಂದು ಗಡ್ಡಿ ಕೊಡು. ಎಲ್ಲಿಂದ ತಂದಿ ಇದನ್ನ?" ಅಂದ್ಲು. ಗಡ್ಡಿ ಕೊಟ್ಟು ಕಳಿಸಿದೆ. ಎಲ್ಲಿಂದ ಬಂತು ಅನ್ನೋದನ್ನ ಮಾತ್ರ ನಿಂತ ಕಾಲ ಮ್ಯಾಲ ಹೇಳಾಕ ಆಗಲಿಲ್ಲ. ಅದನ್ನ ಇಲ್ಲಿ ಬರೀತೀನಿ, ನೀವೂ ಓದ್ರಿ.

ನಮ್ಮವ್ವ ಸಣ್ಣಾಕಿ ಇದ್ದಾಗ ನಮ್ಮ ಕಡೆ ಎಲ್ಲಾ ಒಣ ಬೇಸಾಯ. ಎರಿ ಭೂಮಿ, ಜೋಳ, ಹತ್ತಿ. ಕುಡಿಯೋ ನೀರು ಬಾವಿಯಿಂದ ತಲಿ ಮ್ಯಾಲ ಹೊತ್ತು ತರಬೇಕು. ಹೊತ್ತು ತಂದ ನೀರನ್ನ ಹೂವಿನ ಗಿಡಕ್ಕ ಹಾಕಿದ್ರ ಮನ್ಯಾಗ ಬೈತಿದ್ರು. ತುಳಸಿಕಟ್ಟಿಗೆ ಒಂದು ತಂಬಿಗಿ, ಅಷ್ಟ. 1953ರಾಗ ತುಂಗಭದ್ರಾ ಕಾಲುವಿಗೆ ನೀರು ಬಿಟ್ಟ ಮ್ಯಾಲ ಎಡದಂಡಿ ಊರುಗಳ ಹಣೇಬರಾನ ಬದಲಾತು. ಸಿಂಧನೂರು ಸುತ್ತ ಭತ್ತ ಬಂತು, ಆಂಧ್ರದ ರೈತರು ಬಂದ್ರು, ಕ್ಯಾಂಪುಗಳು ಎದ್ದವು. ಹಿತ್ತಲದಾಗ ಹೂವಿನ ಗಿಡ ಹಚ್ಚೋ ಧೈರ್ಯ ಹೆಣ್ಮಕ್ಕಳಿಗೆ ಬಂದದ್ದು ಅದರ ಮ್ಯಾಲನ. ಲಿಂಗಸುಗೂರಿನ ಒಬ್ಬ ಟೀಚರಮ್ಮ ನಮ್ಮವ್ವಗ ಒಂದು ಗಡ್ಡಿ ಕೊಟ್ಟಿದ್ರಂತ. ಉಳ್ಳಾಗಡ್ಡಿ ಹಾಂಗ ಕಾಣೋ ಗಡ್ಡಿ. ಏಪ್ರಿಲ್ ಉರಿಬಿಸಿಲಾಗ, ಎಲಿ ಇಲ್ಲದ ಬೋಳು ದಂಟಿನ ಮ್ಯಾಲ ಮೂರ್ನಾಲ್ಕು ಕೆಂಪು ಹೂವು, ನಟ್ಟ ನಡುವ ಬಿಳಿ ಗೆರಿ. ನನ್ನ ಲಗ್ನ ಆದಾಗ ಅವ್ವ ಅದೇ ಗಡ್ಡಿಯ ಮರಿಯೊಂದನ್ನ ಅಕ್ಕಿ ಗಂಟಿನ ಬಾಜು ಕಟ್ಟಿ ಕಳಿಸಿದ್ಲು.

ನಾವು ಲಿಲ್ಲಿ ಲಿಲ್ಲಿ ಅಂತೀವಿ, ಆದ್ರ ಇದು ಖರೇ ಲಿಲ್ಲಿ ಅಲ್ಲ. ಖರೇ ಲಿಲ್ಲಿ ಬೇಕಂದ್ರ ನೀಲಗಿರಿ ಬೆಟ್ಟಕ್ಕ ಹೋಗಬೇಕು. ಇದು ದಕ್ಷಿಣ ಅಮೆರಿಕಾದ ಗಿಡ. 1821ರಾಗ ವಿಲಿಯಂ ಹರ್ಬರ್ಟ್ ಅನ್ನೋ ಇಂಗ್ಲೆಂಡಿನ ಪಂಡಿತರು ಇದಕ್ಕ ಹಿಪ್ಪಿಯಾಸ್ಟ್ರಮ್ ಅಂತ ಹೆಸರಿಟ್ರು. ಕುದುರೆ ಸವಾರನ ನಕ್ಷತ್ರ ಅಂತ ಅದರ ಅರ್ಥ. ಅಂಗಡ್ಯಾಗ ಇದನ್ನ ಅಮರಿಲ್ಲಿಸ್ ಅಂತನೂ ಮಾರತಾರ, ಆದ್ರ ಆ ಹೆಸರು ಆಫ್ರಿಕಾದ ಬ್ಯಾರೆ ಗಿಡದ್ದು. ಈ ಹೆಸರಿನ ಜಗಳ ಬಗೆಹರಿಯಾಕ 1987ರ ತನಕ ಬೇಕಾತು ನೋಡ್ರಿ! ನಮ್ಮ ಓಣಿ ಜಗಳನ ವಾಸಿ.

ಈಗ ಮುಖ್ಯ ಸುದ್ದಿಗೆ ಬರ್ತೀನಿ. ಕೆಂಪಿನ ಮ್ಯಾಲ ಬಿಳಿ ಗೆರಿ ಇರೋ ಇಂಥಾ ಲಿಲ್ಲಿಯನ್ನ ಕಾಡಿನಿಂದ ಕಿತ್ತು ತಂದದ್ದಲ್ಲ, ಒಬ್ಬ ಗಡಿಯಾರ ರಿಪೇರಿಯವರು ಬೀಜದಿಂದ ಹುಟ್ಟಿಸಿದ್ದು. ಇಂಗ್ಲೆಂಡಿನ ಪ್ರೆಸ್ಕಾಟ್ ಅನ್ನೋ ಊರಾಗ ಆರ್ಥರ್ ಜಾನ್ಸನ್ ಅಂತ ಒಬ್ಬರಿದ್ರು. ಮನಿ ಹಿಂದ ಸಣ್ಣದೊಂದು ಗಾಜಿನ ಮನಿ. 1799ರಾಗ ಅವರು ಕೆಂಪು ಹೂವಿನ ಜಾತಿಗೂ ಗೆರಿ ಇರೋ ಬಿಳಿ ಹೂವಿನ ಜಾತಿಗೂ ಕೂಡಿಸಿ, ಆದ ಬೀಜ ಬಿತ್ತಿ, ಹೊಸಾ ಹೂವು ಪಡೆದ್ರು. ಈ ಕುಲದಾಗ ಮನುಷ್ಯರ ಕೈಯಿಂದ ಆದ ಮೊದಲ ಮಿಶ್ರತಳಿ ಅದು. ಇವತ್ತಿಗೂ ಅವರ ಹೆಸರಿಂದ 'ಜಾನ್ಸನಿ' ಅಂತಾರ. ಅವರು ಆ ಗಿಡವನ್ನ ತಮ್ಮ ಹತ್ರನ ಇಟ್ಕೊಳ್ಳಲಿಲ್ಲ, ಲಿವರ್‌ಪೂಲ್ ಊರಿನ ಸಸ್ಯತೋಟಕ್ಕೂ ಕೊಟ್ರು. ಮುಂದ ಅವರ ಗಾಜಿನ ಮನಿ ಹಾಳಾತು. ಕೊಟ್ಟದ್ದಕ್ಕ ಹೂವು ಉಳೀತು. ಕೊಡದಿದ್ರ ಜಾನ್ಸನ್ ಅವರ ಹೆಸರೂ ಉಳೀತಿರಲಿಲ್ಲ.

ಹರ್ಬರ್ಟ್ ಅವರೂ ಇದೇ ಹುಚ್ಚಿನವರು. ಒಂದು ಲಿಲ್ಲಿಯ ಪರಾಗ ಇನ್ನೊಂದಕ್ಕ ಮುಟ್ಟಿಸಿ, ಬೀಜ ಬಿತ್ತಿ, ಏನಾತು ಅಂತ ಬರೆದಿಡತಿದ್ರು. 1859ರಾಗ ಡಾರ್ವಿನ್ ತಮ್ಮ ದೊಡ್ಡ ಪುಸ್ತಕ ಬರೆದಾಗ ಹರ್ಬರ್ಟ್ ಅವರ ಲಿಲ್ಲಿ ಬೀಜದ ಲೆಕ್ಕವನ್ನ ಅದರಾಗ ಸೇರಿಸಿದ್ರು. ಎರಡು ಬ್ಯಾರೆ ಜಾತಿ ಕೂಡಿದ್ರೂ ಕಾಯಿ ತುಂಬ ಬೀಜ ಕಟ್ಟಬಹುದು ಅನ್ನೋದಕ್ಕ ಅದು ಪುರಾವೆ ಆತು. ಹಿತ್ತಲದ ಕೆಲಸ ಅಂತ ಹಗರ ಮಾಡಬ್ಯಾಡ್ರಿ.

ಇಲ್ಲಿಂದ ಕಥಿ ನಮ್ಮ ದೇಶಕ್ಕ ಬರತೈತಿ. 1817ರಾಗ ಅಚ್ಚಾದ ಒಂದು ಕನ್ನಡ ವ್ಯಾಕರಣ ಐತಿ. ಬರೆದವರು ವಿಲಿಯಂ ಕ್ಯಾರಿ, ಅಚ್ಚಾದದ್ದು ಬಂಗಾಲದ ಶ್ರೀರಾಮಪುರದಾಗ. ಚಪ್ಪಲಿ ಹೊಲಿಯೋ ಕಸಬಿನಿಂದ ಮ್ಯಾಲ ಬಂದು, 1793ರಾಗ ಪಾದ್ರಿ ಆಗಿ ಇಲ್ಲಿಗೆ ಬಂದವರು. ಅವರಿಗೆ ಭಾಷೆ ಎಷ್ಟು ಪ್ರೀತಿನೋ ಗಿಡ ಅಷ್ಟೇ ಪ್ರೀತಿ. ಮನಿ ಬಾಜು ಐದು ಎಕರೆ ತೋಟ. 1820ರಾಗ ಕಲ್ಕತ್ತಾದ ಕೃಷಿ-ತೋಟಗಾರಿಕೆ ಸೊಸೈಟಿ ಸುರು ಮಾಡಿದವರೂ ಅವರೇ. ಹರ್ಬರ್ಟ್ ಅವರು ಒಂದು ಲಿಲ್ಲಿಗೆ ಇವರ ಹೆಸರಿಟ್ಟು 'ಕ್ರೈನಮ್ ಕ್ಯಾರಿಯಾನಮ್' ಅಂತ ಕರೆದ್ರು.

ಕ್ಯಾರಿ ಅವರ ಒಂದು ಸುದ್ದಿ ನನಗ ಭಾಳ ಸೇರತೈತಿ. ಇಂಗ್ಲೆಂಡಿನಿಂದ ಬಂದ ಬೀಜದ ಚೀಲ ಖಾಲಿ ಆದ ಮ್ಯಾಲ ಅದನ್ನ ನೆರಳಾಗ ಝಾಡಿಸಿದ್ರಂತ. ಕೆಲವು ದಿನ ಬಿಟ್ಟು ನೋಡಿದ್ರ ಅಲ್ಲಿ ತಮ್ಮ ಊರಿನ ಡೇಸಿ ಹೂವಿನ ಸಸಿ! ಮೂವತ್ತು ವರ್ಷ ನೋಡದ ಹೂವು. ಇಲ್ಲಿನ ಹವಾಕ್ಕ ಆ ಗಿಡ ವರ್ಷಗಟ್ಟಲೆ ಬಾಳಲಿಲ್ಲ. ಅದಕ್ಕ ಅವರು ಹಂಗಾಮಿನಿಂದ ಹಂಗಾಮಿಗೆ ಬೀಜ ಹಿಡಿದಿಟ್ಟು, ಬಿತ್ತಿ, ಅದನ್ನ ಉಳಿಸಿಕೊಂಡ್ರು. 1823ರಾಗ ಹೊಳಿ ತುಂಬಿ ಬಂದು ಆ ತೋಟಕ್ಕ ನೀರು ನುಗ್ಗಿತು, ಗಿಡಗಳು ಭಾಳ ಹಾಳಾದವು. ಮತ್ತ ಸುರುವಿನಿಂದ ಹಚ್ಚಿದ್ರು. ತೋಟ ಮಾಡೋರ ಹಣೇಬರಾನ ಇಷ್ಟು ನೋಡ್ರಿ, ನೀರಿಲ್ಲದಿದ್ರೂ ಅಳಬೇಕು, ನೀರು ಹೆಚ್ಚಾದ್ರೂ ಅಳಬೇಕು.

ಈಗ ನನ್ನ ಹಿತ್ತಲಕ್ಕ ಬರ್ತೀನಿ. ನಮ್ಮ ಸಿಂಧನೂರು ಹತ್ರ ಪೂರ್ವ ಬಂಗಾಲ ಬಿಟ್ಟು ಬಂದ ಮಂದಿಗೆ ಸರಕಾರ ಜಾಗ ಕೊಟ್ಟ ಆರ್.ಎಚ್. ಕ್ಯಾಂಪುಗಳು ಅದಾವಲ್ಲ, ಅಲ್ಲಿಯ ಒಬ್ಬ ಅಕ್ಕ ನಮ್ಮ ಬಾಜು ಮನ್ಯಾಗ ಬಾಡಗಿಗೆ ಇದ್ಲು. ಅಕಿ ಕುಂಡ್ಯಾಗೂ ಇದೇ ಕುಲದ ಒಂದು ಲಿಲ್ಲಿ ಇತ್ತು, ಬಣ್ಣ ತೆಳು ಕಿತ್ತಳಿ. 2009ರ ಏಪ್ರಿಲ್‌ದಾಗ ಎರಡೂ ಒಮ್ಮೆಲೇ ಅರಳಿದವು. ನನ್ನ ಮಗ ಆಗ ಪಿಯುಸಿ ಓದತಿದ್ದ, ಮೆಂಡೆಲ್‌ನ ಬಟಾಣಿ ಪಾಠ ಬಾಯಿಪಾಠ ಮಾಡತಿದ್ದ. ಅದನ್ನ ಕೇಳಿ ಕೇಳಿ ನನಗೂ ಹುಚ್ಚು ಹತ್ತಿತು. ನಮ್ಮವ್ವನ ಲಿಲ್ಲಿ ನನ್ನ ಹಿತ್ತಲದಾಗ ಒಮ್ಮೆಯೂ ತಾನಾಗೇ ಕಾಯಿ ಕಟ್ಟಿರಲಿಲ್ಲ. ಅದರ ಹಳದಿ ಪರಾಗವನ್ನ ಬತ್ತಿಯಷ್ಟು ಅಳ್ಳಿಗೆ ಹಚ್ಚಿಕೊಂಡು ಅಕ್ಕನ ಹೂವಿನ ನಡುವಿನ ಉದ್ದ ಕಡ್ಡಿ ತುದಿಗೆ ಮುಟ್ಟಿಸಿದೆ. ಅಕ್ಕ ನಕ್ಕು, "ಏನು, ಲಗ್ನ ಮಾಡಸ್ತಿ?" ಅಂದ್ಲು.

ಹೂವು ಬಾಡಿ ಉದುರಿತು, ಹಿಂದ ಹಸರ ಕಾಯಿ ಉಬ್ಬಿತು. ಐದು ವಾರಕ್ಕ ಹಳದಿ ಆಗಿ ಮೂರು ಹೋಳಾಗಿ ಒಡೀತು. ಒಳಗ ಕರೀ ಬೀಜ, ಸುಟ್ಟ ಹಪ್ಪಳದ ಚೂರಿನಂಗ ತೆಳು, ಒಂದರ ಮ್ಯಾಲ ಒಂದು ಜೋಡಿಸಿಟ್ಟಂಗ. ಅಕ್ಕ ಅರ್ಧ ನನಗ ಕೊಟ್ಲು. ಮೊಸರಿನ ಡಬ್ಬಿಗೆ ತೂತು ಹಾಕಿ, ಉಸುಕು ಮತ್ತ ಹಳೇ ಗೊಬ್ಬರ ಸಮ ಸಮ ತುಂಬಿ, ಬೀಜ ಮ್ಯಾಲ ಇಟ್ಟು ತೆಳ್ಳಗ ಮಣ್ಣು ಉದುರಿಸಿದೆ. ಮೂರು ವಾರಕ್ಕ ಹುಲ್ಲಿನಂಗ ಒಂದೊಂದು ಎಲಿ ಎದ್ದವು. ಡಬ್ಬಿ ಅಡಿಗಿಮನಿ ಕಿಟಕಿ ಕಟ್ಟಿ ಮ್ಯಾಲ ಇತ್ತು.

ಆ ವರ್ಷ ಸೆಪ್ಟೆಂಬರ್ ಕಡೀಗೆ, ಅಕ್ಟೋಬರ್ ಸುರುವಿಗೆ ಹೊಡದ ಮಳಿ ನಿಮಗೆಲ್ಲ ನೆನಪೈತಿ. ಎಷ್ಟೋ ಮಂದಿ ಮನಿನ ಕಳಕೊಂಡ್ರು. ಅಂಥಾದ್ರಾಗ ಗಡ್ಡಿಗೆ ಅಳೋದು ತಪ್ಪು, ಗೊತ್ತು. ಆದ್ರ ನಮ್ಮವ್ವ ತೀರಿಕೊಂಡು ಆಗ ಎರಡು ವರ್ಷ. ಹಿತ್ತಲದ ಎರಿ ಮಣ್ಣಾಗ ನೀರು ನಿಂತು, ಇಳಿದ ಮ್ಯಾಲ ಕೈ ಹಾಕಿದ್ರ ಗಡ್ಡಿ ಗಂಜಿಯಂಗ ಕೊಳೆತಿತ್ತು. ಒಂದೂ ಗಟ್ಟಿ ಉಳಿದಿರಲಿಲ್ಲ. ತವರುಮನ್ಯಾಗ ಕೇಳಿದ್ರ, ಅಲ್ಲಿ ಹಿತ್ತಲ ಅಳದು ಖೋಲಿ ಕಟ್ಟಿ ವರ್ಷ ಆಗಿತ್ತು. ಅಂಗಳದಾಗ ಕುಂತು ಅತ್ತೆ.

ಕಿಟಕಿ ಮ್ಯಾಲಿನ ಡಬ್ಬಿ ಅಕ್ಕನೇ ನೆನಪು ಮಾಡಿದ್ಲು. "ನಿಮ್ಮವ್ವನ ಹೂವು ಹೋಗಿಲ್ಲವ್ವಾ, ಅಲ್ಲಿ ಐತಲ್ಲ" ಅಂದ್ಲು. ಖರೇ ಅಂದ್ರ ನಮ್ಮವ್ವನ ಲಿಲ್ಲಿ ಈ ಸಸಿಗಳಿಗೆ ತಂದಿ, ಅಕ್ಕನ ಲಿಲ್ಲಿ ತಾಯಿ. ಬೀಜದ ಗಿಡ ಹೂ ಬಿಡಾಕ ಮೂರು ವರ್ಷ ಬೇಕು. ಕಾದೆ. 2012ರ ಏಪ್ರಿಲ್‌ದಾಗ ಮೊದಲ ದಂಟು ಎದ್ದಿತು. ಅವ್ವನ ಕೆಂಪು ಅಲ್ಲ, ಅಕ್ಕನ ಕಿತ್ತಳಿ ಅಲ್ಲ, ಎರಡರ ನಡುವಿನ ಬಣ್ಣ. ಒಂದು ಗಳಿಗಿ ಮನಸು ಮುದುಡಿತು. ಆಮ್ಯಾಲ ಒಳಗ ಬಗ್ಗಿ ನೋಡಿದೆ. ನಟ್ಟ ನಡುವ ಅದೇ ಬಿಳಿ ಗೆರಿ.

ಗಡ್ಡಿ ಹಚ್ಚಿದ್ರ ಅದೇ ಹೂವು ಬರತೈತಿ, ಬೀಜ ಹಾಕಿದ್ರ ಮಗಳು ಬರತಾಳ. ತಾಯಿಯಂಗ ಇರಬೇಕಂತಿಲ್ಲ, ಆದ್ರ ಎಲ್ಲೋ ಒಂದು ಗೆರಿ ಉಳಿದಿರತೈತಿ. ನಾವು ದೇವರ ಹಾರಕ್ಕ ಹಾಕೋ ಸುಗಂಧರಾಜನೂ ಹಿಂಗೇ. ಮೆಕ್ಸಿಕೋದಿಂದ ಬಂದ ಗಿಡ. ನಮ್ಮ ಬೆಂಗಳೂರಿನ ಹೆಸರಘಟ್ಟದ ಸಂಸ್ಥ್ಯಾದವರು ಎರಡು ಜಾತಿ ಕೂಡಿಸಿ, ಬೀಜದಿಂದ 'ಪ್ರಜ್ವಲ್' ಅನ್ನೋ ತಳಿ ಮಾಡ್ಯಾರ. ಜಾನ್ಸನ್ ಅವರು ಗಾಜಿನ ಮನ್ಯಾಗ ಮಾಡಿದ್ದೂ ಇದನ್ನೇ.

ಹಚ್ಚೋರಿಗೆ ಎರಡು ಮಾತು. ಎರಿ ಮಣ್ಣಾಗ ನೇರ ಹಚ್ಚಬ್ಯಾಡ್ರಿ, ಅರ್ಧ ಉಸುಕು ಕೂಡಿಸ್ರಿ, ಗಡ್ಡಿ ಕುತ್ತಿಗಿ ಮಣ್ಣಿನ ಮ್ಯಾಲ ಇರಲಿ. ಬೀಜ ಒಣಗಿಸಿ ವರ್ಷಗಟ್ಟಲೆ ಇಡಬ್ಯಾಡ್ರಿ, ಕಾಯಿ ಒಡದ ಕೂಡ್ಲೇ ಬಿತ್ರಿ. ಗಡ್ಡಿ ವಿಷ, ಉಳ್ಳಾಗಡ್ಡಿ ಬುಟ್ಟಿ ಹತ್ರ ಮಾತ್ರ ಇಡಬ್ಯಾಡ್ರಿ, ಮಕ್ಕಳ ಕೈಗೆ, ಆಡು-ನಾಯಿ ಬಾಯಿಗೆ ಸಿಗಬಾರದು.

ಮಸ್ಕಿ ಕಲ್ಲು ಎರಡು ಸಾವಿರ ವರ್ಷ ಒಂದೇ ಜಾಗದಾಗ ಕುಂತು ಉಳೀತು. ಹೂವಿಗೆ ಹಾಂಗ ಆಗಂಗಿಲ್ಲ. ಅದು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋದ್ರನ ಉಳೀತೈತಿ. ಟೀಚರಮ್ಮ ಕೊಟ್ಟಿದ್ದಕ್ಕ ಅವ್ವಗ ಸಿಕ್ಕಿತು, ಅಕ್ಕ ಅರ್ಧ ಬೀಜ ಕೊಟ್ಟಿದ್ದಕ್ಕ ನನಗ ಉಳೀತು. ಈಗ ತಂಗಿ ಮಗಳ ಹಿತ್ತಲಕ್ಕ ಹೋಗೈತಿ. ಈ ಏಪ್ರಿಲ್‌ಗೆ ಕಾಯಿ ಕಟ್ಟಿದ್ರ ಬೀಜ ತಗದಿಡತೀನಿ. ಬೇಕಾದೋರು ಬಂದು ಒಯ್ರಿ. ಚಾ ಕುಡದು ಹೋಗೂವಂತ್ರಿ.