ವರ್ಣತಂತುಗಳ ಲೆಕ್ಕ, ಸಸ್ಯದ ರೂಪ: ಸಂತತಿ ಪರ್ಯಾಯದ ಮರುವಿಚಾರ

ಜರೀಗಿಡದ ಎಲೆಯಡಿಯ ಕಂದು ಚುಕ್ಕೆಗಳಿಂದ ಉದುರಿದ ಬೀಜಾಣು ಮೊಳೆತಾಗ ಹುಟ್ಟುವುದು ಜರೀಗಿಡವಲ್ಲ, ಉಗುರಿಗಿಂತ ಚಿಕ್ಕದಾದ, ಹೃದಯಾಕಾರದ ಹಸಿರು ಹಾಳೆ. ಇದು ಯುಗ್ಮಕಜನಕ. ಇದರ ಮೇಲಿನ ಅಂಡವನ್ನು ಪುರುಷಾಣು ನೀರಲ್ಲಿ ಈಜಿ ಸೇರಿದ ಮೇಲೆ ಬೇರು, ಎಲೆಗಳುಳ್ಳ ಬೀಜಾಣುಜನಕ ಬೆಳೆಯುತ್ತದೆ.

ಹಾವಸೆಯಿಂದ ಸೂಚಿಪರ್ಣಿ ಮರಗಳವರೆಗೆ ಈ ಎರಡು ಪೀಳಿಗೆಗಳ ಸರದಿ, ಅಂದರೆ ಸಂತತಿ ಪರ್ಯಾಯ, ಒಂದೇ ಬಗೆಯದೆಂದು 1851ರಲ್ಲಿ ತೋರಿಸಿದವರು ವಿಲ್ಹೆಲ್ಮ್ ಹಾಫ್‌ಮೈಸ್ಟರ್. ಲೈಪ್‌ಜಿಗ್‌ನಲ್ಲಿ ಪುಸ್ತಕ ಮತ್ತು ಸಂಗೀತ ಪ್ರಕಟಣೆಯ ವ್ಯಾಪಾರದಲ್ಲಿದ್ದ ಅವರು ಸಸ್ಯಶಾಸ್ತ್ರವನ್ನು ಸ್ವಂತವಾಗಿ ಕಲಿತವರು. 1894ರಲ್ಲಿ ಸಸ್ಯಶಾಸ್ತ್ರಜ್ಞ ಸ್ಟ್ರಾಸ್‌ಬರ್ಗರ್ ಈ ಸರದಿಗೆ ವರ್ಣತಂತುಗಳ ಲೆಕ್ಕವನ್ನು ಜೋಡಿಸಿದರು: ಯುಗ್ಮಕಜನಕಕ್ಕೆ ಒಂದು ಸೆಟ್, ಬೀಜಾಣುಜನಕಕ್ಕೆ ಎರಡು. ಪಠ್ಯಪುಸ್ತಕಗಳು ಇಂದಿಗೂ ಇದನ್ನೇ ಹೇಳುತ್ತವೆ. ಆದರೆ ಈ ಸಂಖ್ಯೆ ರೂಪಕ್ಕೆ ಕಾರಣವೇ?

ಅಲ್ಲ ಎನ್ನಲು ಬಲವಾದ ಪುರಾವೆಗಳಿವೆ. ಟೆರಿಸ್ ಕ್ರೆಟಿಕಾ ಎಂಬ ಜರೀಗಿಡದಲ್ಲಿ ನಿಷೇಚನವಿಲ್ಲದೆಯೇ ಹಸಿರು ಹಾಳೆಯಿಂದ ಹೊಸ ಗಿಡ ಚಿಗುರುವುದನ್ನು ಸಸ್ಯಶಾಸ್ತ್ರಜ್ಞ ಫಾರ್ಲೋ 1874ರಲ್ಲೇ ಕಂಡಿದ್ದರು. ಇಂಥ ಸಸ್ಯಗಳ ಎರಡೂ ಪೀಳಿಗೆಗಳಲ್ಲಿ ವರ್ಣತಂತುಗಳ ಸಂಖ್ಯೆ ಒಂದೇ, ರೂಪ ಮಾತ್ರ ಬೇರೆ.

ಎರಡನೆಯ ಪುರಾವೆ ದೆಹಲಿ ವಿಶ್ವವಿದ್ಯಾಲಯದ್ದು. ಶಿಪ್ರಾ ಗುಹಾ ಮತ್ತು ಸತೀಶ್ ಚಂದ್ರ ಮಹೇಶ್ವರಿ ದತ್ತೂರದ ಪರಾಗಕೋಶಗಳನ್ನು ಪೋಷಕ ಮಾಧ್ಯಮದಲ್ಲಿ ಬೆಳೆಸಿ, ಅವುಗಳಿಂದ ಭ್ರೂಣಗಳು ಹೊಮ್ಮಿದ್ದನ್ನು 1964ರಲ್ಲಿ ವರದಿ ಮಾಡಿದರು. ಆ ಭ್ರೂಣಗಳ ಮೂಲ ಪರಾಗಕಣವೇ ಎಂಬುದು 1966ರಲ್ಲಿ ಖಚಿತವಾಯಿತು. ದತ್ತೂರದ ಎಲೆಯ ಕೋಶದಲ್ಲಿ 24 ವರ್ಣತಂತುಗಳಿದ್ದರೆ ಪರಾಗದಲ್ಲಿ 12. ಆ ಹನ್ನೆರಡರಿಂದಲೇ ಬೇರು, ಕಾಂಡ, ಎಲೆಗಳ ಇಡೀ ಗಿಡ ರೂಪುಗೊಂಡಿತು. ಇಂಥ ಗಿಡಗಳ ವರ್ಣತಂತುಗಳನ್ನು ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ಇಮ್ಮಡಿಗೊಳಿಸಿ ಒಂದೇ ಪೀಳಿಗೆಯಲ್ಲಿ ಶುದ್ಧ ತಳಿ ಪಡೆಯುವ ವಿಧಾನ ಇಂದು ಭತ್ತ, ಬಾರ್ಲಿಗಳ ತಳಿ ಅಭಿವೃದ್ಧಿಯಲ್ಲಿ ಬಳಕೆಯಲ್ಲಿದೆ.

2013ರಲ್ಲಿ ಕೈಕೊ ಸಕಾಕಿಬಾರ ಮತ್ತು ಸಂಗಡಿಗರು ದತ್ತೂರದ ಪ್ರಯೋಗಕ್ಕೆ ವಿರುದ್ಧ ದಿಕ್ಕಿನ ಫಲಿತಾಂಶ ಪ್ರಕಟಿಸಿದರು. ಫಿಸ್ಕೊಮಿಟ್ರೆಲ್ಲ ಹಾವಸೆಯಲ್ಲಿ ನಾಕ್ಸ್2 ಗುಂಪಿನ ಜೀನ್‌ಗಳನ್ನು ತೆಗೆದಾಗ, ಎರಡು ಸೆಟ್ ವರ್ಣತಂತುಗಳಿದ್ದ ಭ್ರೂಣವೇ ಯುಗ್ಮಕಜನಕದ ದೇಹ ತಾಳಿತು.

ಹಾಗಿದ್ದೂ ಸಂಖ್ಯೆ ಮತ್ತು ರೂಪ ಸಾಮಾನ್ಯವಾಗಿ ಜೊತೆಯಾಗಿಯೇ ಬದಲಾಗುವುದೇಕೆ? ಏಕಕೋಶೀಯ ಪಾಚಿ ಕ್ಲಾಮಿಡೊಮೊನಾಸ್‌ನ 2008ರ ಅಧ್ಯಯನ ಒಂದು ಉತ್ತರ ಕೊಡುತ್ತದೆ. ಅಲ್ಲಿ ಎರಡು ಯುಗ್ಮಕಗಳು ಬೇರೆಬೇರೆ ನಿಯಂತ್ರಕ ಪ್ರೋಟೀನ್‌ಗಳನ್ನು ತರುತ್ತವೆ. ಯುಗ್ಮಕಗಳು ಬೆಸೆದು ಈ ಪ್ರೋಟೀನ್‌ಗಳು ಜೊತೆಗೂಡಿದಾಗ ಮಾತ್ರ ಯುಗ್ಮಜದ ಜೀನ್‌ಗಳು ಎಚ್ಚರಗೊಳ್ಳುತ್ತವೆ. ವರ್ಣತಂತುಗಳನ್ನು ಇಮ್ಮಡಿಸುವ ಮಿಲನವೇ ಪೀಳಿಗೆಯ ಕಾರ್ಯಕ್ರಮವನ್ನೂ ಬದಲಿಸುವುದರಿಂದ, ಸಂತತಿ ಪರ್ಯಾಯದ ವ್ಯಾಖ್ಯೆಯಲ್ಲಿ ಈ ಜೀನ್ ನಿಯಂತ್ರಣಕ್ಕೆ ಮೊದಲ ಸ್ಥಾನ ಸಲ್ಲಬೇಕು.