ಒಲ್ಲೆನೆಂದವರೊಡನೆ ಮಾತು: ಪ್ಲೇಗಿನ ಕಾಲದ ಹುಬ್ಬಳ್ಳಿ, ಹರಿಹರ ಮತ್ತು ಸ್ಥಿತೀಕರಣ ಧರ್ಮ

1898ನೆಯ ಇಸವಿಯಲ್ಲಿ ಹರಿಹರವು ಮೈಸೂರು ಸಂಸ್ಥಾನದ ಗಡಿಯೂರಾಗಿತ್ತು. ತುಂಗಭದ್ರೆಯ ಈಚೆಗೆ ಮೈಸೂರಿನ ಚಿತ್ರದುರ್ಗ ಜಿಲ್ಲೆ. ಆಚೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ ಧಾರವಾಡ ಜಿಲ್ಲೆ. ಹುಬ್ಬಳ್ಳಿಯಿಂದ ಹೊರಟ ರೈಲು ಹರಿಹರದ ಬಳಿ ಹೊಳೆ ದಾಟಿ, ದಾವಣಗೆರೆ, ಬೀರೂರು, ತುಮಕೂರುಗಳ ಮೇಲೆ ಬೆಂಗಳೂರನ್ನು ಸೇರುತ್ತಿತ್ತು. ಹತ್ತಿಯೂ ಧಾನ್ಯವೂ ಅದೇ ದಾರಿಯಲ್ಲಿ ಸಾಗುತ್ತಿದ್ದವು. ಪ್ಲೇಗೂ ಅದೇ ದಾರಿಯನ್ನು ಹಿಡಿಯಿತು. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಮೊದಲಿಗೆ ಈ ರೋಗಕ್ಕೆ ತುತ್ತಾದವನು ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದಿದ್ದ, ರೈಲ್ವೆ ಅಧಿಕಾರಿಯೊಬ್ಬರ ಸೇವಕನೆಂದು ದಾಖಲೆಗಳು ಹೇಳುತ್ತವೆ. ಮುಂದಿನ ಕೆಲವೇ ತಿಂಗಳುಗಳಲ್ಲಿ ಬೆಂಗಳೂರಿನ ಪೇಟೆ ಮತ್ತು ದಂಡುಗಳಲ್ಲಿ ಸಾವಿರಾರು ಮಂದಿ ಮಡಿದರು.

ಅಂದು ಅಧಿಕಾರಿಗಳ ಮುಂದೆಯೂ ಸಮಾಜದ ಹಿರಿಯರ ಮುಂದೆಯೂ ಒಂದೇ ಪ್ರಶ್ನೆ ನಿಂತಿತ್ತು. ರೋಗವನ್ನು ತಡೆಯುವ ಕ್ರಮಕ್ಕೆ ಒಲ್ಲೆನೆನ್ನುವವನನ್ನು ಏನು ಮಾಡಬೇಕು? ಬಲವಂತದಿಂದ ಒಪ್ಪಿಸಬೇಕೇ, ಅವನೊಡನೆ ಕುಳಿತು ಮಾತನಾಡಬೇಕೇ, ಅಥವಾ ಮೂರ್ಖನೆಂದು ಕೈಬಿಡಬೇಕೇ? 2021ರಲ್ಲಿ ಕೊರೋನಾ ಲಸಿಕೆಯ ಸಂದರ್ಭದಲ್ಲಿ ಈ ಪ್ರಶ್ನೆ ಮರಳಿ ಎದ್ದಾಗ, ನಮ್ಮ ಸಮಾಜದಲ್ಲಿಯೂ ಕೆಲವರು ಮೂರನೆಯ ದಾರಿಯನ್ನೇ ಹಿಡಿದರು. ವಾದ ಮಾಡಿ ಫಲವಿಲ್ಲ, ನಂಬದವರು ನಂಬುವುದಿಲ್ಲ ಎಂಬುದು ಅವರ ಮಾತು. ನೂರಿಪ್ಪತ್ತು ವರ್ಷಗಳಿಗೂ ಹಿಂದಿನ ನಮ್ಮ ಈ ನಾಡಿನ ಅನುಭವವು ಆ ಮಾತನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ.

ಮೊದಲು ಬಲವಂತದ ಕಥೆ. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತು. ಪುಣೆಯಲ್ಲಿ ಪ್ಲೇಗು ಸಮಿತಿಯ ಮುಖ್ಯಸ್ಥನಾಗಿದ್ದ ರ್‍ಯಾಂಡ್ ಎಂಬ ಅಧಿಕಾರಿ ಸೈನಿಕರನ್ನು ಮನೆಮನೆಗೆ ನುಗ್ಗಿಸಿ ರೋಗಿಗಳನ್ನು ಹುಡುಕಿಸಿದನು. ದೇವರ ಕೋಣೆ, ಅಡುಗೆಮನೆಗಳೆಂಬ ವಿವೇಚನೆಯಿಲ್ಲ. ಹೆಣ್ಣುಮಕ್ಕಳ ಮರ್ಯಾದೆಯ ಪರಿವೆಯಿಲ್ಲ. 1897ರ ಜೂನ್ 22ರಂದು ಚಾಪೇಕರ್ ಸಹೋದರರು ಅವನಿಗೆ ಗುಂಡಿಟ್ಟರು. ಮೈಸೂರು ಸಂಸ್ಥಾನದಲ್ಲಿ ಅಷ್ಟು ಕ್ರೌರ್ಯವಿರಲಿಲ್ಲ. ಪ್ಲೇಗು ಕಮಿಷನರ್ ಆಗಿ ನೇಮಕಗೊಂಡ ವಿ. ಪಿ. ಮಾಧವರಾಯರು ಮುಂದೆ ದಿವಾನರಾದ ಸಮರ್ಥ ಆಡಳಿತಗಾರರು. ಆದರೂ 1898ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಪ್ಲೇಗು ನಿಯಮಗಳ ವಿರುದ್ಧ ಜನರು ದಂಗೆಯೆದ್ದರು. ಎಲ್ಲೆಡೆಯಲ್ಲಿಯೂ ಬಲವಂತದ ಪರಿಣಾಮ ಒಂದೇ ಆಗಿತ್ತು: ಜನರು ರೋಗಿಗಳನ್ನು ಅಟ್ಟದ ಮೇಲೆ ಬಚ್ಚಿಟ್ಟರು, ಸತ್ತವರನ್ನು ರಾತ್ರಿಯಲ್ಲಿ ಸದ್ದಿಲ್ಲದೆ ಸಾಗಿಸಿದರು. ಬಚ್ಚಿಟ್ಟ ರೋಗ ಬೇಗ ಹರಡಿತು. 1900ರ ಸುಮಾರಿಗೆ ಬ್ರಿಟಿಷ್ ಸರ್ಕಾರವೇ ಬಲವಂತದ ನೀತಿಯನ್ನು ಬಹುಮಟ್ಟಿಗೆ ಕೈಬಿಡಬೇಕಾಯಿತು.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಯಬಾರದು. ಒಲ್ಲೆನೆಂದ ಜನರಿಗೆ ತಿಳಿಯದಿದ್ದದ್ದು ಅಧಿಕಾರಿಗಳಿಗೂ ತಿಳಿದಿರಲಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಮನುಷ್ಯನಿಗೆ ತಗಲುತ್ತದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಕಂಡುಕೊಂಡದ್ದು ಅದೇ 1898ರಲ್ಲಿ; ವಿದ್ವಾಂಸರು ಅದನ್ನು ಒಪ್ಪಿದ್ದು ಸುಮಾರು ಹತ್ತು ವರ್ಷಗಳ ಅನಂತರ. ಅಲ್ಲಿಯವರೆಗೆ ಸರ್ಕಾರದವರು ನೆಲಕ್ಕೆ ಔಷಧಿ ಸುರಿದರು, ಬಟ್ಟೆಬರೆ ಸುಟ್ಟರು, ಹಂಚು ಕೀಳಿಸಿದರು, ಆರೋಗ್ಯವಂತರನ್ನೂ ತಡೆದು ನಿಲ್ಲಿಸಿದರು. ಇದರಲ್ಲಿ ಬಹುಭಾಗ ನಿಷ್ಪ್ರಯೋಜಕ. ಆದರೆ ಮನೆಯಲ್ಲಿ ಇಲಿ ಸತ್ತು ಬಿದ್ದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಹಳ್ಳಿಗರ ರೂಢಿ, ಇಂದಿನ ಜ್ಞಾನದಿಂದ ನೋಡಿದರೆ, ಸರಿಯಾದದ್ದೇ ಆಗಿತ್ತು. ಎದುರಾಳಿಯ ಮಾತಿನಲ್ಲಿಯೂ ಒಂದು ನಯದಿಂದ ಸತ್ಯಾಂಶವಿರಬಹುದೆಂದು ಸ್ಯಾದ್ವಾದವು ಬೋಧಿಸುವುದು ಕೇವಲ ತರ್ಕಶಾಲೆಯ ಅಭ್ಯಾಸಕ್ಕಾಗಿ ಅಲ್ಲ. ಹಳ್ಳಿಗರನ್ನು ಕೇಳಿ ತಿಳಿಯುವ ತಾಳ್ಮೆ ಆ ಅಧಿಕಾರಿಗಳಿಗೆ ಇದ್ದಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು.

ಹೀಗೆ ಬಲವಂತವು ಸೋಲುತ್ತಿದ್ದ ವರ್ಷದಲ್ಲಿಯೇ ಹರಿಹರದಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದಾರಿಯ ಹುಬ್ಬಳ್ಳಿಯಲ್ಲಿ ಬೇರೊಂದು ಘಟನೆ ನಡೆಯಿತು. ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿಗೆ ಚುಚ್ಚುಮದ್ದನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದನು. 1898ರ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಲ್ಯೂಮನ್ ಎಂಬ ವೈದ್ಯಾಧಿಕಾರಿಯು ಹುಬ್ಬಳ್ಳಿಯಲ್ಲಿ ಮೂವತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಈ ಮದ್ದನ್ನು ಹಾಕಿದನು. ಊರಿನ ಒಟ್ಟು ಜನಸಂಖ್ಯೆ ಐವತ್ತು ಸಾವಿರಕ್ಕಿಂತ ಕಡಿಮೆಯಿದ್ದ ಕಾಲವದು. ಧಾರವಾಡ, ಗದಗುಗಳಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆಯೂ ಇದೇ ಕಾರ್ಯದಲ್ಲಿ ತೊಡಗಿದ್ದಳು.

ಪುಣೆಯಲ್ಲಿ ಆಗದ್ದು ಹುಬ್ಬಳ್ಳಿಯಲ್ಲಿ ಹೇಗೆ ಆಯಿತು? ಮದ್ದು ಹಾಕಿಸಿಕೊಂಡವರಿಗೆ ಒಂದು ಚೀಟಿ ಸಿಗುತ್ತಿತ್ತು; ಆ ಚೀಟಿಯಿದ್ದವರಿಗೆ ಬಿಡಾರಗಳಲ್ಲಿ ಕೂಡಿಹಾಕುವ ಕಾಟ ತಪ್ಪುತ್ತಿತ್ತು. ಇದನ್ನು ಶುದ್ಧ ವಿಚಾರವಿನಿಮಯವೆನ್ನಲಾಗದು; ಇದೊಂದು ಬಗೆಯ ವ್ಯಾಪಾರವೇ ಸರಿ. ಆದರೆ ವ್ಯಾಪಾರದಲ್ಲಿ ಕೊಳ್ಳುವವನಿಗೆ ಬೇಡವೆನ್ನುವ ಸ್ವಾತಂತ್ರ್ಯವಿರುತ್ತದೆ, ಸೈನಿಕನ ಬಂದೂಕಿನ ಎದುರು ಅದಿರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಹುಬ್ಬಳ್ಳಿಯ ಜನ ಕಣ್ಣಾರೆ ಕಂಡರು. ಒಂದೇ ಓಣಿಯಲ್ಲಿ ಮದ್ದು ಹಾಕಿಸಿಕೊಂಡವರ ಮನೆಯಲ್ಲಿ ಸಾವು ಕಡಿಮೆ, ಹಾಕಿಸಿಕೊಳ್ಳದವರ ಮನೆಯಲ್ಲಿ ಹೆಚ್ಚು. ಮದ್ದು ಪೂರ್ಣ ರಕ್ಷಣೆಯನ್ನೇನೂ ಕೊಡುತ್ತಿರಲಿಲ್ಲ. ತೋಳು ಬಾತು ಒಂದೆರಡು ದಿನ ಜ್ವರವೂ ಬರುತ್ತಿತ್ತು. ಹಾಗಿದ್ದೂ ಓಣಿಯ ಲೆಕ್ಕವು ಯಾವ ಭಾಷಣಕ್ಕಿಂತಲೂ ಬಲವಾಗಿತ್ತು.

ಮುಂಬಯಿಯ ಖೋಜಾ ಸಮಾಜದ ಉದಾಹರಣೆಯನ್ನೂ ಇಲ್ಲಿ ನೆನೆಯಬೇಕು. ಅವರ ಧರ್ಮಗುರುಗಳಾದ ಮೂರನೆಯ ಆಗಾಖಾನರು ಆಗ ಇಪ್ಪತ್ತರ ಹರೆಯದವರು. ಅನುಯಾಯಿಗಳು ಹಿಂಜರಿದಾಗ ಅವರು ಎಲ್ಲರೆದುರು ತಮ್ಮ ತೋಳನ್ನೊಡ್ಡಿದರು, ಅದೂ ಒಮ್ಮೆಯಲ್ಲ, ಹಲವು ಬಾರಿ. ಆ ಸಮಾಜದ ಸಾವಿರಾರು ಮಂದಿ ಅವರನ್ನು ಅನುಸರಿಸಿದರು. ಮೈಸೂರಿನಲ್ಲಿಯೂ ಇದಕ್ಕೆ ಪೂರ್ವನಿದರ್ಶನವುಂಟು. 1805ರ ಸುಮಾರಿಗೆ ಬರೆದ ಒಂದು ವರ್ಣಚಿತ್ರದಲ್ಲಿ ಅರಮನೆಯ ರಾಣಿಯೊಬ್ಬರು ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ಸಿಡುಬಿನ ಲಸಿಕೆಯ ಪ್ರಚಾರಕ್ಕಾಗಿಯೇ ಎಂಬುದು ಇತಿಹಾಸಕಾರರ ಊಹೆ.

ಇನ್ನು ಜೈನರ ಪ್ರಶ್ನೆಗಳಿಗೆ ಬರೋಣ. ಅವು ಬರಿಯ ಹಟದ ಪ್ರಶ್ನೆಗಳಾಗಿರಲಿಲ್ಲ. ಹಾಫ್ಕಿನ್ ತನ್ನ ಮದ್ದಿನ ರೋಗಾಣುಗಳನ್ನು ಮಾಂಸದ ಸಾರಿನಲ್ಲಿ ಬೆಳೆಸುತ್ತಿದ್ದನು. ಹಿಂದೂ ಮುಸಲ್ಮಾನರಿಬ್ಬರ ಭಾವನೆಯನ್ನೂ ಗಮನಿಸಿ ದನ, ಹಂದಿಗಳ ಮಾಂಸವನ್ನು ಬಿಟ್ಟು ಆಡಿನ ಮಾಂಸವನ್ನು ಬಳಸಿದನು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಡುತ್ತಿದ್ದನು. ಆದರೆ ಅಹಿಂಸಾವ್ರತಿಗೆ ದನವೇನು, ಆಡೇನು? ಮಾಂಸದ ಬದಲು ಗೋಧಿಯನ್ನು ಬಳಸುವ ಪ್ರಯತ್ನವೂ ಮುಂದೆ ನಡೆಯಿತು. ಒಲ್ಲೆನೆಂದವರ ಕಾರಣವನ್ನು ಕೇಳಿಸಿಕೊಂಡವರು ವಸ್ತುವನ್ನೇ ಬದಲಿಸಲು ಮುಂದಾದರೆಂಬುದು ಸಣ್ಣ ಮಾತಲ್ಲ. ಮಾತುಕತೆಯೆಂದರೆ ಎದುರಿನವನನ್ನು ಬದಲಿಸುವುದು ಮಾತ್ರವೆಂದು ತಿಳಿದವರಿಗೆ ಈ ಸಂಗತಿ ಹೊಳೆಯದು.

ಇಲಿಯ ಪ್ರಶ್ನೆ ಇನ್ನೂ ತೊಡಕಿನದು. ಚಿಗಟದ ಸಂಗತಿ ದೃಢಪಟ್ಟ ಮೇಲೆ ಸರ್ಕಾರವು ಇಲಿಗಳನ್ನು ಕೊಲ್ಲಿಸಲು ಹೊರಟಾಗ, ಗುಜರಾತು, ಮುಂಬಯಿಗಳ ಜೈನ ವರ್ತಕರು ಅದನ್ನು ವಿರೋಧಿಸಿದರು. ಧಾನ್ಯದ ಉಗ್ರಾಣವುಳ್ಳ ವರ್ತಕನಿಗೆ ಇದು ನೇರವಾಗಿ ತಟ್ಟುವ ಪ್ರಶ್ನೆ. ಚೀಲದೊಡನೆ ಇಲಿಯೂ ಚಿಗಟವೂ ಊರಿಂದೂರಿಗೆ ಸಾಗುತ್ತಿದ್ದವು. ಇಂಥ ವರ್ತಕನಿಗೆ ಶಾಸ್ತ್ರದಿಂದಲೇ ಉತ್ತರ ಹೇಳಬಹುದಾಗಿತ್ತು. ಪ್ರಮಾದವೇ, ಎಂದರೆ ಅಜಾಗರೂಕತೆಯೇ, ಹಿಂಸೆಯ ಮೂಲವೆಂದು ಆಚಾರ್ಯ ಉಮಾಸ್ವಾತಿಗಳು ನಿರೂಪಿಸಿದ್ದಾರೆ. ಉಗ್ರಾಣವನ್ನು ಗುಡಿಸದೆ, ಬಿಲಗಳನ್ನು ಮುಚ್ಚದೆ, ಇಲಿಗಳು ಬೆಳೆಯಲು ಬಿಟ್ಟು, ಆಮೇಲೆ ಕೊಲ್ಲಬಾರದೆಂದು ಹಟ ಹಿಡಿಯುವವನು ನೆರೆಯವರ ಪ್ರಾಣಹಾನಿಗೂ ಕೊನೆಗೆ ಇಲಿಗಳ ಪ್ರಾಣಹಾನಿಗೂ ಕಾರಣನಾಗುತ್ತಾನೆ. ಯತ್ನಾಚಾರದಿಂದ ಉಗ್ರಾಣವನ್ನು ಚೊಕ್ಕಟವಾಗಿ, ಭದ್ರವಾಗಿ ಇಟ್ಟವನಿಗೆ ಕೊಲ್ಲುವ ಪ್ರಸಂಗವೇ ಕಡಿಮೆ. ಇಂಥ ಉತ್ತರವನ್ನು ಸರ್ಕಾರದ ಡಾಕ್ಟರು ಹೇಳಲಾರ. ಶ್ರಾವಕನಿಗೆ ಶ್ರಾವಕನೇ ಹೇಳಬೇಕು.

ಪ್ರಶ್ನೆ ಕೇಳಿದವರ ಅಂಜಿಕೆಗೆ ಆಧಾರವೇ ಇರಲಿಲ್ಲವೆಂದೂ ಹೇಳುವಂತಿಲ್ಲ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಪ್ಲೇಗಿನ ಮದ್ದು ಹಾಕಿಸಿಕೊಂಡ 107 ಜನರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಸತ್ತವರೆಲ್ಲರಿಗೂ ಒಂದೇ ಸೀಸೆಯ ಮದ್ದು ಹಾಕಲಾಗಿತ್ತು. ತಪ್ಪನ್ನು ಹಾಫ್ಕಿನ್‌ನ ಪ್ರಯೋಗಶಾಲೆಯ ಮೇಲೆ ಹೊರಿಸಲಾಯಿತು. ಸೀಸೆಯನ್ನು ಹಳ್ಳಿಯಲ್ಲಿ ತೆರೆದಾಗ ಆದ ಅಶುದ್ಧಿಯೇ ಕಾರಣವೆಂಬ ವಾದವನ್ನು ಮನ್ನಿಸಿ 1907ರಲ್ಲಿ ಅವನನ್ನು ದೋಷಮುಕ್ತನೆಂದು ಸಾರಲಾಯಿತು. ಇಂಥದನ್ನು ಮುಚ್ಚಿಟ್ಟು ಮದ್ದನ್ನು ಹೊಗಳುವವನ ಮಾತಿಗೆ ಬೆಲೆಯಿರುವುದಿಲ್ಲ. ಖಾತೆಯಲ್ಲಿ ಜಮೆಯನ್ನಷ್ಟೇ ಬರೆದು ಖರ್ಚನ್ನು ಬಿಟ್ಟ ಗುಮಾಸ್ತನನ್ನು ಯಾರು ನಂಬುತ್ತಾರೆ?

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಆರನೆಯದು ಸ್ಥಿತೀಕರಣ. ದಾರಿಯಿಂದ ಜಾರುತ್ತಿರುವವನನ್ನು ಮರಳಿ ನೆಲೆಗೆ ನಿಲ್ಲಿಸುವುದು ಶ್ರಾವಕನ ಕರ್ತವ್ಯವೆಂದು ಆಚಾರ್ಯ ಸಮಂತಭದ್ರರು ವಿಧಿಸಿದ್ದಾರೆ. ಅದಕ್ಕೆ ದೃಷ್ಟಾಂತ ವಾರಿಷೇಣ ಮುನಿಯದು. ಗದಗಿಗೆ ಹತ್ತಿರದ ಮುಳುಗುಂದದ ನಯಸೇನನು 1112ರಲ್ಲಿ ರಚಿಸಿದ ‘ಧರ್ಮಾಮೃತ’ದಲ್ಲಿ ಈ ಅಂಗಗಳ ಕಥೆಗಳು ಕನ್ನಡಿಗರಿಗೆ ದೊರೆತಿವೆ. ಪುಷ್ಪದಾಲನೆಂಬ ಗೆಳೆಯನು ದೀಕ್ಷೆ ವಹಿಸಿಯೂ ಬಿಟ್ಟು ಬಂದ ಹೆಂಡತಿಯನ್ನೇ ನೆನೆಯುತ್ತಿದ್ದನು. ವಾರಿಷೇಣನು ಹನ್ನೆರಡು ವರ್ಷ ಅವನ ಜೊತೆಗಿದ್ದನು. ಬೈಯಲಿಲ್ಲ, ಸಂಘದಿಂದ ಹೊರಗೆ ಹಾಕಿಸಲಿಲ್ಲ. ಕಡೆಗೆ ಅವನನ್ನು ರಾಜಗೃಹದ ತನ್ನ ಅರಮನೆಗೆ ಕರೆದೊಯ್ದು, ತಾನು ತೊರೆದ ರಾಣಿಯರನ್ನೂ ಸಿರಿಯನ್ನೂ ಕಣ್ಣೆದುರಿಗೆ ನಿಲ್ಲಿಸಿದನು. ಪುಷ್ಪದಾಲನು ನಾಚಿ ಸ್ಥಿರಚಿತ್ತನಾದನು. ಈ ಕಥೆಯಲ್ಲಿ ವಾದವು ಬಹಳ ಸ್ವಲ್ಪ, ಜೊತೆಗಿರುವುದು ಬಹಳ ಹೆಚ್ಚು.

ಆದರೆ ಸಾಂಕ್ರಾಮಿಕ ರೋಗವು ಹನ್ನೆರಡು ವರ್ಷ ಕಾಯುವುದಿಲ್ಲ. ಆದುದರಿಂದ ಇಲ್ಲಿ ಒಂದು ಭೇದವನ್ನು ಮಾಡಲೇಬೇಕು. ತನ್ನ ಮೈಗೆ ಏನು ಬೇಕೆಂಬುದರಲ್ಲಿ ಒಲ್ಲೆನೆನ್ನುವವನೊಡನೆ ತಾಳ್ಮೆ ಸಲ್ಲುತ್ತದೆ. ಜ್ವರವಿದ್ದೂ ಪೂಜೆಯ ಸಾಲಿನಲ್ಲಿ ನಿಲ್ಲುವವನನ್ನು, ರೋಗಿಯನ್ನು ಬಚ್ಚಿಟ್ಟು ಅಂಗಡಿ ತೆರೆಯುವವನನ್ನು ಮೊದಲು ತಡೆಯಬೇಕು, ಮಾತು ಆಮೇಲೆ. ಸರ್ವೋಚ್ಚ ನ್ಯಾಯಾಲಯವು 2022ರ ಮೇ 2ರಂದು ಕೊರೋನಾ ಲಸಿಕೆಯ ಮೊಕದ್ದಮೆಯಲ್ಲಿ ಹೆಚ್ಚುಕಡಮೆ ಇದೇ ಭೇದವನ್ನು ಮಾಡಿತು: ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಆದರೆ ಇತರರಿಗೆ ಸೋಂಕು ಹರಡದಂತೆ ಸರ್ಕಾರವು ಪ್ರಮಾಣಬದ್ಧವಾದ ನಿರ್ಬಂಧಗಳನ್ನು ವಿಧಿಸಬಹುದು. ಇನ್ನು, ಕೇಳಲು ಮನಸ್ಸೇ ಇಲ್ಲದೆ, ಗೆಲ್ಲುವುದಕ್ಕಾಗಿಯೇ ವಾದಿಸುವವರು ಕೆಲವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಅವರ ಮುಂದೆ ಮೌನವೇ ವಚನಗುಪ್ತಿ. ತೊಂದರೆಯೆಂದರೆ, ಸುಮ್ಮನೆ ಅಂಜಿದವನನ್ನೂ ಈ ಗುಂಪಿಗೆ ಸೇರಿಸಿ ಕೈತೊಳೆದುಕೊಳ್ಳುವುದು ನಮಗೆ ಸುಲಭ.

2021ರಲ್ಲಿ ಜೈನ ಕುಟುಂಬಗಳಲ್ಲಿ ಕೇಳಿಬಂದ ಒಂದು ಪ್ರಶ್ನೆ 1898ರ ಆಡಿನ ಸಾರಿನ ಪ್ರಶ್ನೆಯದೇ ಮರುರೂಪ: ಕೋವ್ಯಾಕ್ಸಿನ್ ಲಸಿಕೆಯಲ್ಲಿ ಎಳೆಗರುವಿನ ರಕ್ತದ ಅಂಶವಿದೆಯೇ? ನೇರವಾದ ಉತ್ತರ ಹೀಗಿದೆ. ವೈರಸ್ಸನ್ನು ಬೆಳೆಸುವ ಜೀವಕೋಶಗಳನ್ನು ವೃದ್ಧಿಸಲು ಕರುವಿನ ರಕ್ತದ ಸೀರಮ್ಮನ್ನು ಬಳಸುತ್ತಾರೆ; ಅನಂತರ ಜೀವಕೋಶಗಳನ್ನು ಹಲವು ಬಾರಿ ತೊಳೆಯುತ್ತಾರೆ; ಸಿದ್ಧ ಲಸಿಕೆಯಲ್ಲಿ ಸೀರಮ್ ಇರುವುದಿಲ್ಲ. ಹಾಗೆಂದು ತಯಾರಿಕೆಯಲ್ಲಿ ಹಿಂಸೆಯ ಲೇಶವೂ ಇಲ್ಲವೆನ್ನುವುದು ಸುಳ್ಳಾಗುತ್ತದೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಟ್ಟು, ಆರಂಭೀ ಮೊದಲಾದ ಹಿಂಸೆಗಳನ್ನು ಆದಷ್ಟು ತಗ್ಗಿಸಿಕೊಳ್ಳಬೇಕೆಂಬ ಶಾಸ್ತ್ರದ ವಿವೇಕವನ್ನು ಇಲ್ಲಿ ಬಳಸಿ, ಮನೆಯ ಮುದುಕರ ಪ್ರಾಣವನ್ನೂ ಆ ತೂಕದಲ್ಲಿ ಸೇರಿಸಿಕೊಂಡು, ಪ್ರತಿಯೊಬ್ಬ ಶ್ರಾವಕನೂ ನಿರ್ಧರಿಸಬೇಕಾಗಿತ್ತು. ಲಸಿಕೆಯ ಕಾರ್ಯಕ್ರಮ ದೇಶದಲ್ಲಿ ಆರಂಭವಾದದ್ದು 2021ರ ಜನವರಿ 16ರಂದು. ಸೀರಮ್ಮಿನ ಕುರಿತು ಆರೋಗ್ಯ ಮಂತ್ರಾಲಯವು ಸ್ಪಷ್ಟೀಕರಣ ಹೊರಡಿಸಿದ್ದು ಜೂನ್ 16ರಂದು. ನಡುವಿನ ಐದು ತಿಂಗಳಲ್ಲಿ ಎರಡನೆಯ ಅಲೆ ಬಂದು ಹೋಗಿತ್ತು.